ಜಾಲಿಹಟ್ಟಿಯ ಕೆರೆಗೆ ಹಾಕಿದ್ದು

ಜಾಲಿಹಟ್ಟಿ, ತಾ. ಸಿಂದಗಿ
೧೨ ನವೆಂಬರ್ ೧೯೭೪

ಗೆಳೆಯ ಪರಮಾನಂದನಿಗೆ ಇಬ್ರಾಹಿಂಸಾಬನ ಸಲಾಮು.

ಬರದ ಮೇಲೆ ಬರ ಬಂದು ನೆಲ ಬಿರಿದಿದ್ದ ನಮ್ಮ ಕೆರೆ ಈ ಸಲ ತುಂಬಿತು. ಮೀನು ಸಾಕುವ ಹಕ್ಕನ್ನು ಪಂಚಾಯಿತಿ ನನಗೆ ಕೊಟ್ಟಿದೆ. ಆಲಮೇಲದ ಕಡೆ ಭೀಮಾ ನದಿಗೆ ಹೋಗಿ ತಿಂಗಳುಗಟ್ಟಲೆ ಬಲೆ ಹಾಕುವುದು ತಪ್ಪಿತಲ್ಲ ಎಂದು ನನ್ನ ಹೆಂಡತಿ ರಾಜಬಿಗೆ ಬಹಳ ಖುಷಿ. ಕಾಟ್ಲಾ, ರೋಹು ಮರಿ ತಂದು ಬಿಟ್ಟೆ. ಆದರೆ ಅವು ಬೆಳೆಯುತ್ತಿಲ್ಲ. ತಲೆ ದೊಡ್ಡದು, ಹಿಂದೆ ಬರೀ ಚರ್ಮ. ನಿಮ್ಮಣ್ಣ ಅಮೋಘಸಿದ್ಧ ಕುರಿಗೆ ನೀರು ಕುಡಿಸಲು ಬಂದಾಗಲೆಲ್ಲ ನಗುತ್ತಾನೆ: "ಸಾಬಾ, ನಿನ್ನ ಮೀನಕಿಂತಾ ನನ್ನ ಕುರಿ ಬಾಲಽ ದಪ್ಪ ಅದಾವಲೇ."

ನೀನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು, ನೀರಿನ ಪಾಚಿಯ ಮೇಲೆಯೇ ಪ್ರಬಂಧ ಬರೆಯುತ್ತಿರುವವನು. ನೀನು ಹೇಳಬೇಕು. ಒಂದು ಬಾಟಲಿಯಲ್ಲಿ ಕೆರೆಯ ನೀರು ತುಂಬಿ ಧಾರವಾಡದ ಬಸ್ಸಿನವನ ಕೈಗೆ ಕೊಟ್ಟಿದ್ದೇನೆ.

ನಿಮ್ಮವ್ವ ಕಸ್ತೂರೆವ್ವ ಚೆನ್ನಾಗಿದ್ದಾಳೆ. ಅಂಚೆಯವ ಬಂದನೆಂದರೆ ನಮ್ಮ ಕಟ್ಟೆಗೆ ಬಂದು ಕೂರುತ್ತಾಳೆ. ನನಗೆ ಬರೆದ ಪತ್ರವಾದರೂ ಅವಳಿಗೆ ಪೂರ್ತಿ ಓದಿ ಹೇಳಬೇಕು, ಅದೂ ಎರಡು ಸಲ. "ಅದರಾಗ ನನ್ನ ಹೆಸರ ಇರಲಿ, ಬಿಡಲಿ. ಅಂವ ಬರದದ್ದು ಹೌದಲ್ಲ?" ಅನ್ನುತ್ತಾಳೆ.

ನಿನ್ನ
ಇಬ್ರಾಹಿಂ

*

ಧಾರವಾಡ
೨ ಡಿಸೆಂಬರ್ ೧೯೭೪

ಪ್ರಿಯ ಇಬ್ರಾಹಿಂ,

ನಿನ್ನ ಕೆರೆ ಉಪವಾಸವಿದೆ. ನಿನ್ನ ನೀರನ್ನು ನಾಲ್ಕು ಶೀಸೆಗೆ ಹಂಚಿ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಒಂದಕ್ಕೆ ಏನೂ ಹಾಕಲಿಲ್ಲ. ಒಂದಕ್ಕೆ ಸಾರಜನಕದ ಉಪ್ಪು, ಒಂದಕ್ಕೆ ರಂಜಕ, ಕೊನೆಯದಕ್ಕೆ ಎರಡೂ. ಸಾರಜನಕ ಮಾತ್ರ ಹಾಕಿದ್ದು ಹಾಗೇ ಉಳಿಯಿತು. ರಂಜಕ ಬಿದ್ದ ಶೀಸೆಗಳೆರಡೂ ಹತ್ತು ದಿನದಲ್ಲಿ ಹಸಿರಾದವು.

ರೊಟ್ಟಿ ಬಡಿಯಲು ಹಿಟ್ಟೂ ಬೇಕು, ನೀರೂ ಬೇಕು. ಮನೆಯಲ್ಲಿ ಹಿಟ್ಟು ಚೀಲಗಟ್ಟಲೆ ಇದ್ದು, ನೀರು ಒಂದೇ ತಂಬಿಗೆ ಇದ್ದರೆ ಆ ತಂಬಿಗೆಗೆ ಎಷ್ಟು ರೊಟ್ಟಿಯೋ ಅಷ್ಟೇ. ನಿನ್ನ ಕೆರೆಯಲ್ಲಿ ರಂಜಕವೇ ಆ ತಂಬಿಗೆ ನೀರು. ಅದಿಲ್ಲದೆ ಪಾಚಿ ಬೆಳೆಯುವುದಿಲ್ಲ, ಪಾಚಿಯಿಲ್ಲದೆ ಅದನ್ನು ತಿನ್ನುವ ಹುಳುವಿಲ್ಲ, ಹುಳುವಿಲ್ಲದೆ ಮೀನಿಲ್ಲ.

ರಂಜಕವಿರುವ ಸೂಪರ್ ಫಾಸ್ಫೇಟ್ ಗೊಬ್ಬರ ತಂದು ಹಾಕು. ಸರಕಾರದ ಕರಪತ್ರದಲ್ಲಿ ಎಕರೆಗೆ ಅರ್ಧ ಚೀಲವೆಂದಿದೆ. ಅವರು ಯಾವಾಗಲೂ ಹೆದರಿಕೊಂಡು ಬರೆಯುತ್ತಾರೆ. ನೀನು ಪೂರ್ತಿ ಚೀಲ ಹಾಕು. ನಿನ್ನದು ಹನ್ನೆರಡು ಎಕರೆ ನೀರು, ಹನ್ನೆರಡು ಚೀಲ. ತಿಂಗಳಿಗೊಮ್ಮೆ ಹಾಗೇ ಮಾಡು. ಹದಿನೈದು ದಿನಕ್ಕೊಮ್ಮೆ ನನಗೆ ಒಂದು ಬಾಟಲಿ ನೀರು ತಪ್ಪದೆ ಕಳಿಸು. ಇಡೀ ಕೆರೆಯ ಮೇಲೆ ಇಂಥ ಪ್ರಯೋಗವನ್ನು ನಮ್ಮ ಸೀಮೆಯಲ್ಲಿ ಯಾರೂ ಮಾಡಿಲ್ಲ.

ಅವ್ವನಿಗೆ ನಮಸ್ಕಾರ ಹೇಳು.

ನಿನ್ನ
ಪರಮಾನಂದ

*

ಜಾಲಿಹಟ್ಟಿ
೨೦ ಮಾರ್ಚ್ ೧೯೭೫

ಗೆಳೆಯಾ,

ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು. ಕಳೆದ ವಾರ ಎಳೆದ ಬಲೆಯಲ್ಲಿ ಮೊಳದುದ್ದದ ಕಾಟ್ಲಾ ಬಂದವು. ನಿಮ್ಮಣ್ಣನ ಮನೆಗೆ ದೊಡ್ಡದೊಂದನ್ನು ಕಳಿಸಿದೆ. ಈಗ ಅವನು ಕುರಿಯ ಬಾಲದ ಮಾತು ಎತ್ತುವುದಿಲ್ಲ.

ಒಂದು ಸಂಶಯವಿದೆ. ನೀರು ಬೇಸಿಗೆಗೆ ಅರ್ಧಕ್ಕೆ ಇಳಿದಿದೆ. ಗೊಬ್ಬರ ಮಾತ್ರ ಅಷ್ಟೇ ಬೀಳುತ್ತಿದೆ. ಮೊದಲು ತಿಳಿಹಸಿರು ಇದ್ದ ನೀರು ಈಗ ಮಂದವಾಗಿ, ಮುಂಜಾನೆ ದಂಡೆಯಲ್ಲಿ ಕೆನೆ ಕಟ್ಟುತ್ತದೆ. ಉಣ್ಣೆ ತೊಳೆಯಲು ಬಂದ ಹೆಂಗಸರು ಮೈ ತುರಿಸುತ್ತದೆ ಎನ್ನುತ್ತಾರೆ. ನಿಮ್ಮವ್ವ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿ ಚೆಲ್ಲಿದಳು. "ಇಬ್ರಾಹಿಮಾ, ಇದು ನೀರಿನ ವಾಸನಿ ಅಲ್ಲೋ. ಮುಗ್ಗಿದ ಕಾಳಿನ ವಾಸನಿ ಬರತೈತಿ. ಸಾಕು ಮಾಡಂತ ಅವಗ ಬರಿ."

ಈ ತಿಂಗಳ ಗೊಬ್ಬರ ನಿಲ್ಲಿಸಲೇ?

ಇಬ್ರಾಹಿಂ

*

ಧಾರವಾಡ
೮ ಏಪ್ರಿಲ್ ೧೯೭೫

ಇಬ್ರಾಹಿಂ,

ನಿಲ್ಲಿಸಬೇಡ. ನವೆಂಬರಿನಿಂದ ಬೇಸಿಗೆಯ ತುದಿಯವರೆಗೆ ಲೆಕ್ಕ ಸಿಕ್ಕರೆ ಮಾತ್ರ ನನ್ನ ಪ್ರಬಂಧಕ್ಕೆ ಅರ್ಥ. ನಡುವೆ ಕೈ ಬಿಟ್ಟರೆ ಇಲ್ಲಿಯವರೆಗೆ ಮಾಡಿದ್ದೂ ವ್ಯರ್ಥ. ತುರಿಕೆ ಉಣ್ಣೆಯ ಕೊಳೆಯಿಂದ ಬಂದಿರುತ್ತದೆ. ಅವ್ವನ ಮೂಗನ್ನು ನಂಬಿ ವಿಜ್ಞಾನ ನಡೆಯುವುದಿಲ್ಲ.

ಮಾರ್ಚಿನ ಎರಡನೆಯ ಬಾಟಲಿ ಬರಲಿಲ್ಲ. ಯಾಕೆ?

ಪರಮಾನಂದ

*

ಜಾಲಿಹಟ್ಟಿ
೬ ಮೇ ೧೯೭೫

ಪರಮಾನಂದಾ,

ನಿನ್ನ ಹಿಂದಿನ ಪತ್ರವನ್ನು ಅವ್ವನಿಗೆ ಓದಿದೆ. ಮೂಗಿನ ಮಾತು ಬಂದಾಗ ನುಂಗಿಕೊಳ್ಳಬೇಕೆಂದಿದ್ದೆ, ಬಾಯಿ ತಪ್ಪಿ ಬಂದುಬಿಟ್ಟಿತು. ಅವಳು ನಕ್ಕಳು. ಎರಡನೆಯ ಸಲ ಓದು ಎನ್ನಲಿಲ್ಲ.

ಕೆರೆ ಕೆಟ್ಟಿದೆ. ನೀರಿನ ಮೇಲೆ ಹಸಿರು ಬಣ್ಣ ಸುರಿದಂತೆ ಹಾವಸಿ ಕಟ್ಟಿದೆ. ಗಾಳಿ ಬೀಸಿದ ದಂಡೆಗೆ ಗೇಣು ದಪ್ಪ ಕೂರುತ್ತದೆ, ಬಿಸಿಲಿಗೆ ನೀಲಿಯಾಗಿ ಕೊಳೆಯುತ್ತದೆ. ಮೀನು ಮುಂಜಾನೆ ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ನಿನ್ನೆ ಇನ್ನೂರರ ಮೇಲೆ ಸತ್ತವು. ಊರಿನ ದನ, ಕುರಿ ಎಲ್ಲಕ್ಕೂ ಇದೊಂದೇ ನೀರು. ದಂಡೆಯ ಹಾವಸಿಯನ್ನು ಕೈಯಿಂದ ಸರಿಸಿ ಕುಡಿಸುತ್ತಿದ್ದಾರೆ. ಎಲ್ಲರೂ ನನ್ನ ಮುಖ ನೋಡುತ್ತಾರೆ.

ಇದನ್ನು ಕೊಲ್ಲುವ ಉಪಾಯ ಹೇಳು. ಬೇಗ ಹೇಳು.

ಇಬ್ರಾಹಿಂ

*

ಧಾರವಾಡ
೧೧ ಮೇ ೧೯೭೫

ಇಬ್ರಾಹಿಂ,

ಹೆದರಬೇಡ. ಪಾಚಿಯನ್ನು ಕೊಲ್ಲಲು ಮೈಲುತುತ್ತ ಸಾಕು. ಮೂವತ್ತು ಕಿಲೋ ತೆಗೆದುಕೊ. ಗೋಣಿಚೀಲದಲ್ಲಿ ಕಟ್ಟಿ, ತೆಪ್ಪದ ಹಿಂದೆ ಇಳಿಬಿಟ್ಟು ಕೆರೆಯ ತುಂಬ ಸುತ್ತು ಹಾಕು. ಚೀಲ ಪೂರ್ತಿ ಕರಗುವವರೆಗೆ ಬಿಡಬೇಡ. ಬಿಸಿಲು ಏರಿದ ಮೇಲೆ ಮಾಡು. ನಾಲ್ಕು ದಿನದಲ್ಲಿ ನೀರು ತಿಳಿಯಾಗುತ್ತದೆ.

ಹಾಕುವ ಮೊದಲೊಂದು, ಹಾಕಿದ ಮಾರನೆಯ ದಿನವೊಂದು ಬಾಟಲಿ ತುಂಬಿಡು. ಇದನ್ನು ಮರೆಯಬೇಡ.

ಅವ್ವನಿಗೆ ನಮಸ್ಕಾರ.

ಪರಮಾನಂದ

*

ಜಾಲಿಹಟ್ಟಿ
೨ ಜೂನ್ ೧೯೭೫

ಪರಮಾನಂದಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿವೆ, ಸಾವಕಾಶ ಓದು.

ಮೇ ಇಪ್ಪತ್ತರಂದು ನೀನು ಹೇಳಿದಂತೆಯೇ ಮೈಲುತುತ್ತ ಹಾಕಿದೆ. ಊರೆಲ್ಲ ದಂಡೆಯಲ್ಲಿ ನಿಂತು ನೋಡಿತು. ತೆಪ್ಪದ ಹಿಂದೆ ನೀಲಿ ಗೆರೆ ಬಿಡುತ್ತ ಹೋಗುತ್ತಿದ್ದ ನನ್ನನ್ನು ಎಲ್ಲರೂ ಕಂಡಿದ್ದಾರೆ. ಮೂರನೆಯ ದಿನಕ್ಕೆ ಹಾವಸಿ ಬಿಳಿಚಿಕೊಂಡು ಮುಳುಗಿತು. ಕೆರೆ ತಿಳಿಯಾಯಿತೆಂದು ಎಲ್ಲರಿಗಿಂತ ಮೊದಲು ನಿಮ್ಮಣ್ಣ ಮಧ್ಯಾಹ್ನ ಇಡೀ ಹಿಂಡನ್ನು ನೀರಿಗಿಳಿಸಿದ. ಹೊತ್ತು ಮುಳುಗುವ ಮೊದಲೇ ಕುರಿಗಳು ತೂರಾಡತೊಡಗಿದವು. ಮೊಣಕಾಲೂರಿ ಬೀಳುವುದು, ಕಾಲು ಝಾಡಿಸುವುದು, ನಾಲಿಗೆ ಹೊರಚಾಚುವುದು. ಎತ್ತಿ ನಿಲ್ಲಿಸಿದ ಕುರಿ ಕೈಬಿಟ್ಟ ಕೂಡಲೇ ಬೀಳುತ್ತಿತ್ತು. ಅರವತ್ತೊಂದು ಸತ್ತವು. ಅವನ ಹತ್ತಿರ ಉಳಿದದ್ದು ಕಾಲು ಮುರಿದು ಹಟ್ಟಿಯಲ್ಲೇ ಬಿದ್ದಿದ್ದ ಒಂದು ಟಗರು.

ಅವನು ನಮ್ಮ ಮನೆಗೆ ಬಂದಾಗ ಹಿಂದೆ ಮೂವತ್ತು ಜನ ಇದ್ದರು.

"ಏನ್ ಹಾಕಿದಿ ನೀರಾಗ?"

"ಹಾವಸಿ ಸಾಯಲಿ ಅಂತ ಮೈಲುತುತ್ತ ಹಾಕೀನಣ್ಣಾ."

"ಯಾರ್ ಹೇಳಿಕೊಟ್ಟರು?"

ನಿನ್ನನ್ನು ಓದಿಸಲು ಅವನು ವರ್ಷವರ್ಷವೂ ಕುರಿ ಮಾರಿದ್ದು ನನಗೆ ಗೊತ್ತಿಲ್ಲವೇ? ಅಂಥವನಿಗೆ ಏನೆಂದು ಹೇಳಲಿ? "ನಾನಽ ತಿಳಕೊಂಡು ಹಾಕೀನಿ" ಅಂದೆ. ಅವನು ನನ್ನನ್ನು ಎಳೆದುಕೊಂಡು ಹೋಗಿ, ಅರಿವೆ ಒಗೆಯುವ ಕಲ್ಲಿನ ಮೇಲೆ ಬಲಗೈ ಇಡಿಸಿ, ಬಡಿಗೆಯಿಂದ ಹೊಡೆದ. ಏಳು ಏಟು. ರಾಜಬಿ ಕಾಲಿಗೆ ಬಿದ್ದಳು. ನಿಂತವರಲ್ಲಿ ಒಬ್ಬ, "ಬೆರಳ ಒಂದೂ ಬಿಡಬ್ಯಾಡ" ಎಂದು ಕೂಗಿದ. ಅವನ ಮನೆಗೆ ನಾನು ಪ್ರತಿ ಸೋಮವಾರ ಮೀನು ಕೊಡುತ್ತಿದ್ದೆ.

ನಿಮ್ಮವ್ವ ಅಂದು ಊರಲ್ಲಿರಲಿಲ್ಲ. ಮೈಲುತುತ್ತದ ಪತ್ರವನ್ನು ನಾಲ್ಕು ಸಲ ಓದಿಸಿಕೊಂಡು, ಮಗಳ ಬಾಣಂತನಕ್ಕೆಂದು ಹೂವಿನ ಹಿಪ್ಪರಗಿಗೆ ಹೋಗಿದ್ದಳು. ತಿರುಗಿ ಬಂದವಳು ನೇರ ನಮ್ಮ ಮನೆಗೆ ಬಂದು ನನ್ನ ಕೈ ನೋಡಿದಳು.

"ಯಾಕ ಹೇಳಲಿಲ್ಲೋ?"

"ಹೇಳಿದ್ರ ಅಣ್ಣತಮ್ಮರು ಮುರಕೊಂಡು ಹೋಗತಿದ್ರವ್ವಾ."

"ನಾನೂ ಹೇಳೂದಿಲ್ಲ. ಅಂವನಽ ಬಂದು ಹೇಳಲಿ. ಬರತಾನ" ಅಂದಳು.

ವಿಚಾರಣೆಗೆ ಅಧಿಕಾರಿ ಬರುತ್ತಾರಂತೆ. ನಾನು ಬೇಕೆಂದೇ ವಿಷ ಹಾಕಿದೆನೆಂದು ಊರವರು ಅರ್ಜಿ ಕೊಟ್ಟಿದ್ದಾರೆ. ನೀನು ಬಾ. ಕುರಿ ಯಾಕೆ ಸತ್ತವೆಂದು ಇವರಿಗೆ ತಿಳಿಸಿ ಹೇಳು. ಅಷ್ಟು ಸಾಕು.

ಇಬ್ರಾಹಿಂ

*

ಧಾರವಾಡ
೯ ಜೂನ್ ೧೯೭೫

ಪ್ರಿಯ ಇಬ್ರಾಹಿಂ,

ನಿನ್ನ ಪತ್ರ ಓದಿ ಅನ್ನ ಇಳಿಯಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಹಳೆಯ ವಿಜ್ಞಾನ ಪತ್ರಿಕೆಗಳನ್ನೆಲ್ಲ ತೆಗೆಸಿದೆ. ಈ ನೀಲಿಹಸಿರು ಪಾಚಿಯ ಒಡಲಲ್ಲೇ ವಿಷವಿರುತ್ತದೆ. ಜೀವಂತವಿದ್ದಾಗ ಬಹುಪಾಲು ಒಳಗೇ ಇರುತ್ತದೆ. ಮೈಲುತುತ್ತ ಬಿದ್ದು ಒಮ್ಮೆಲೇ ಸತ್ತರೆ ಒಡಲೊಡೆದು ಎಲ್ಲವೂ ನೀರಿಗೆ ಬಿಡುಗಡೆಯಾಗುತ್ತದೆ. ನೀರು ತಿಳಿಯಾಗಿ ಕಂಡಾಗಲೇ ಅಪಾಯ ಹೆಚ್ಚು. ಎಂಟು ದಿನವಾದರೂ ದನಕರುಗಳನ್ನು ದೂರವಿಡಬೇಕಿತ್ತು.

ನಾನು ಬರುತ್ತೇನೆ. ಅಣ್ಣನ ಮುಂದೆ ನಿಂತು ನಾನೇ ಹೇಳುತ್ತೇನೆ. ಅದಕ್ಕಿಂತ ಮೊದಲು ಅಧಿಕಾರಿಗಳಿಗೆ ಸರಿಯಾದ ವರದಿ ಹೋಗಬೇಕು. ಯಾವ ದಿನ ಏನು ಬರೆದೆನೆಂದು ನನಗೆ ನೆನಪಿಲ್ಲ. ನನ್ನ ಪತ್ರಗಳೆಲ್ಲವನ್ನೂ, ಒಂದನ್ನೂ ಬಿಡದೆ, ರಿಜಿಸ್ಟರ್ ಅಂಚೆಯಲ್ಲಿ ಕಳಿಸು. ವರದಿಯ ಜೊತೆ ಲಗತ್ತಿಸುತ್ತೇನೆ. ಈ ಪತ್ರವನ್ನೂ ಸೇರಿಸಿಯೇ ಕಳಿಸು.

ಧೈರ್ಯದಿಂದಿರು. ನಾನಿದ್ದೇನೆ.

ನಿನ್ನ
ಪರಮಾನಂದ

*

ಜಾಲಿಹಟ್ಟಿ
೧೬ ಜೂನ್ ೧೯೭೫

ಪರಮಾನಂದಾ,

ಎಲ್ಲ ಪತ್ರಗಳನ್ನೂ ಕಳಿಸಿದ್ದೇನೆ. ಒಂದನ್ನೂ ಇಟ್ಟುಕೊಂಡಿಲ್ಲ. "ಒಂದಾದ್ರೂ ಇಟಗೋರಿ" ಎಂದು ರಾಜಬಿ ಅತ್ತಳು. ಅವಳನ್ನು ಬೈದೆ.

ನೀನು ಬರುತ್ತೀಯೆಂದು ಅವ್ವ ಅಟ್ಟದ ಮೇಲಿನ ಕೌದಿ ತೆಗೆದು ಬಿಸಿಲಿಗೆ ಹಾಕಿದ್ದಾಳೆ.

ಇಬ್ರಾಹಿಂ

*

ಧಾರವಾಡ
೩೦ ಜೂನ್ ೧೯೭೫

ವಿಚಾರಣಾಧಿಕಾರಿಗಳಿಗೆ,

ವಿಷಯ: ಜಾಲಿಹಟ್ಟಿ ಕೆರೆಯ ನೀರು ಕುಡಿದು ಕುರಿಗಳು ಸತ್ತ ಬಗ್ಗೆ.

ಸದರಿ ಕೆರೆಯಲ್ಲಿ ಮೀನು ಸಾಕುವ ಇಬ್ರಾಹಿಂಸಾಬ ಎಂಬವರು ನನ್ನ ಊರಿನವರಾಗಿದ್ದು, ಕೆಲವು ಸಲ ಪತ್ರ ಬರೆದು ನನ್ನ ಸಲಹೆ ಕೇಳಿರುತ್ತಾರೆ. ಎಕರೆಗೆ ಅರ್ಧ ಚೀಲಕ್ಕಿಂತ ಹೆಚ್ಚು ಗೊಬ್ಬರ ಹಾಕಬಾರದೆಂದು ನಾನು ತಿಳಿಸಿದ್ದೆ. ಅವರು ಹೆಚ್ಚು ಮೀನಿನ ಆಸೆಯಿಂದ ದುಪ್ಪಟ್ಟು ಹಾಕಿರುವುದು ನೀರಿನ ಪರೀಕ್ಷೆಯಿಂದ ಕಂಡುಬರುತ್ತದೆ. ಮೈಲುತುತ್ತ ಹಾಕಿದ ಎಂಟು ದಿನ ಜಾನುವಾರುಗಳಿಗೆ ಆ ನೀರು ಕುಡಿಸಬಾರದು, ಡಂಗುರ ಸಾರಿಸಬೇಕು ಎಂದು ಮೇ ೧೧ರ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದೆ. ಅದರ ಪ್ರತಿಯನ್ನು ಲಗತ್ತಿಸಿದೆ.

ಸತ್ತ ಕುರಿಗಳು ನನ್ನ ಒಡಹುಟ್ಟಿದ ಅಣ್ಣನವು. ಆದಕಾರಣ ನನ್ನ ಹೇಳಿಕೆಯಲ್ಲಿ ಪಕ್ಷಪಾತವಿಲ್ಲವೆಂದು ತಾವು ಮನಗಾಣಬೇಕೆಂದು ಪ್ರಾರ್ಥನೆ. ಕಾಲೇಜಿನ ಕೆಲಸದ ನಿಮಿತ್ತ ನಾನು ಖುದ್ದಾಗಿ ಹಾಜರಾಗಲು ಸಾಧ್ಯವಿಲ್ಲ.

ತಮ್ಮ ವಿಶ್ವಾಸಿ
ಪರಮಾನಂದ

*

ಕೊಲ್ಹಾರ, ತಾ. ಬಸವನ ಬಾಗೇವಾಡಿ
೨ ಸೆಪ್ಟೆಂಬರ್ ೧೯೭೫

ಪರಮಾನಂದಾ,

ನಾವು ಜಾಲಿಹಟ್ಟಿ ಬಿಟ್ಟೆವು. ಇಲ್ಲಿ ರಾಜಬಿಯ ಅಣ್ಣನ ಮನೆಯಲ್ಲಿದ್ದೇವೆ. ಅವನು ಕೃಷ್ಣಾ ನದಿಯಲ್ಲಿ ಬಲೆ ಹಾಕುತ್ತಾನೆ. ನನ್ನ ಬಲಗೈ ಮುಷ್ಟಿ ಕಟ್ಟುವುದಿಲ್ಲ. ಬಲೆ ಎಸೆಯಲಾರೆ, ಹರಿದದ್ದನ್ನು ಎಡಗೈಯಿಂದ ಹೊಲಿಯುತ್ತೇನೆ.

ಚಾವಡಿಯಲ್ಲಿ ಏನಾಯಿತೆಂದು ಬೇರೆ ಯಾರೂ ನಿನಗೆ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಧಿಕಾರಿ ನಿನ್ನ ಪತ್ರವನ್ನು ಎಲ್ಲರೆದುರು ಓದಿದರು. ಮೊದಲು ನನಗೆ ಕೇಳಿದ್ದು ಅರ್ಥವಾಗಲಿಲ್ಲ. ಎರಡನೆಯ ಸಲ ಓದಿರೆಂದು ಕೈಮುಗಿದೆ, ಒಂದೇ ಕೈ ಎತ್ತಿ. ಎಂಟು ದಿನದ ಮಾತು ಬಂದಾಗ ಜನ ಉಗುಳಿದರು. ನಿನ್ನ ಪತ್ರಗಳೆಲ್ಲಿ ಎಂದು ಅಧಿಕಾರಿ ಕೇಳಿದರು. ರಿಜಿಸ್ಟರ್ ಅಂಚೆಯ ರಸೀದಿ ತೋರಿಸಿದೆ. "ಇದು ಬರೇ ರಸೀದಿ" ಎಂದರು.

ಆಗ ನಿಮ್ಮವ್ವ ಹೆಂಗಸರ ನಡುವಿನಿಂದ ಎದ್ದು ನಿಂತಳು.

"ಸಾಹೇಬರ, ಆ ಮಾತು ಪತ್ರದಾಗ ಇರಲಿಲ್ರಿ."

"ನಿನಗ ಓದಾಕ ಬರತೈತೇನಬೇ ಮುದುಕಿ?"

"ಇಲ್ರಿ. ಕೇಳಾಕ ಬರತೈತ್ರಿ. ನಾಕ್ ಸಲ ಕೇಳೇನ್ರಿ." ಅವಳು ಕಣ್ಣು ಮುಚ್ಚಿಕೊಂಡು ನಿನ್ನ ಪತ್ರವನ್ನು ಹೇಳಿದಳು. ಮೂವತ್ತು ಕಿಲೋ, ಗೋಣಿಚೀಲ, ಬಿಸಿಲು ಏರಿದ ಮೇಲೆ, ನಾಲ್ಕು ದಿನ, ಎರಡು ಬಾಟಲಿ. ನಿನ್ನ ಭಾಷೆಯಲ್ಲೇ, ಒಂದು ಮಾತೂ ಆಚೀಚೆ ಆಗದಂತೆ. "ಅವ್ವನಿಗೆ ನಮಸ್ಕಾರ" ಎನ್ನುವವರೆಗೆ ಹೇಳಿ ಕಣ್ಣು ತೆರೆದಳು. "ಇಷ್ಟಽ ರೀ ಇದ್ದದ್ದು. ಎಂಟು ದಿನಾ ಅಂತ ಅಂವ ಬರದಿಲ್ರಿ. ಅಂವ ನನ್ನ ಮಗಾರಿ. ಸುಳ್ಳ ಬರದಾನ್ರಿ."

ಯಾರೋ ನಕ್ಕರು. ಮುದುಕಿಗೆ ಅರಳುಮರಳು ಎಂದರು. ಅಧಿಕಾರಿ ಕಡತ ಕಟ್ಟಿ, ತಾಯಿಯ ನೆನಪು ಕಾಗದದ ಪುರಾವೆಯಾಗುವುದಿಲ್ಲ ಎಂದರು. ನನ್ನ ಹಕ್ಕು ರದ್ದಾಯಿತು. ಹದಿನೈದು ದಿನದೊಳಗೆ ಊರು ಬಿಡಬೇಕೆಂದು ಹಿರಿಯರು ಹೇಳಿದರು. ನಿಮ್ಮಣ್ಣ ಮಾತ್ರ ಎದ್ದು ಹೋದ. ಹೋಗುವಾಗ ಅವ್ವನ ಕಡೆ ನೋಡಿದ, ನನ್ನ ಕಡೆ ನೋಡಲಾಗಲಿಲ್ಲ.

ಮೈಲುತುತ್ತದ ಪತ್ರದಲ್ಲಿ ನೀನು ಒಂದು ಮಾತು ಬರೆಯಲು ಮರೆತೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಮರೆತದ್ದನ್ನು ಆಮೇಲೆ ಹಳೆಯ ತಾರೀಖು ಹಾಕಿ ಬರೆದೆಯಲ್ಲ, ಅದೂ ನಿನ್ನದೇ ಕೈಯಿಂದ. ನೆಟ್ಟಗಿರುವ ಕೈ ಅದು. ನೋಡಿಕೊ ಒಮ್ಮೆ.

ಇದಕ್ಕೆ ಉತ್ತರ ಬರೆಯಬೇಡ. ಬರೆದರೆ ಓದದೆ ನದಿಗೆ ಹಾಕುತ್ತೇನೆ.

ಇಬ್ರಾಹಿಂಸಾಬ

*

ಧಾರವಾಡ
೧೮ ಜನವರಿ ೧೯೭೭

ಪ್ರೀತಿಯ ಅಣ್ಣ ಅಮೋಘಸಿದ್ಧನಿಗೆ ನಮಸ್ಕಾರಗಳು.

(ಕಾಳಪ್ಪ ಮಾಸ್ತರರೇ, ದಯವಿಟ್ಟು ಇದನ್ನು ಅಣ್ಣನಿಗೂ ಅವ್ವನಿಗೂ ಓದಿ ಹೇಳಿ.)

ಐದು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ಈಗ ಸಂತೋಷದ ಸುದ್ದಿಯಿದೆ. ಪ್ರಬಂಧ ಒಪ್ಪಿಗೆಯಾಗಿ ನನಗೆ ಡಾಕ್ಟರೇಟ್ ಸಿಕ್ಕಿದೆ, ಕೆಲಸವೂ ಖಾಯಂ ಆಯಿತು. ನಮ್ಮ ಊರಿನ ಕೆರೆಯ ಹೆಸರು ಪುಸ್ತಕಕ್ಕೇರಿತು.

ಹಳೆಯದರ ಬಗ್ಗೆ ಒಂದು ಮಾತು. ಆ ಹೊತ್ತಿನಲ್ಲಿ ನಿಜ ಒಪ್ಪಿಕೊಂಡಿದ್ದರೆ ನೀನು ಕುರಿ ಮಾರಿ ಓದಿಸಿದ್ದೆಲ್ಲ ಮಣ್ಣಾಗುತ್ತಿತ್ತು. ನಿನ್ನ ಶ್ರಮ ಉಳಿಸಲೆಂದೇ ಹಾಗೆ ಬರೆದೆ. ಎಲ್ಲರಿಂದಲೂ ತಪ್ಪಾಗಿರಬಹುದು.

ಕೆರೆ ಬೇಸಿಗೆಗೆ ಇನ್ನೂ ಹಸಿರಾಗುತ್ತದೆಂದು ಕೇಳಿದೆ. ಹಾಕಿದ ರಂಜಕ ಹೂಳಿನಲ್ಲಿ ಕೂತಿದೆ, ನೀರು ಬಿಸಿಯಾದಾಗ ಮೇಲೆ ಬರುತ್ತದೆ. ಸಾರಜನಕ ತಡೆದು ಪ್ರಯೋಜನವಿಲ್ಲ, ಕೆಲವು ಪಾಚಿ ಅದನ್ನು ಗಾಳಿಯಿಂದಲೇ ಪಡೆಯುತ್ತವೆ. ರಂಜಕವನ್ನೇ ತಡೆಯಬೇಕು. ಉಣ್ಣೆ ತೊಳೆಯುವುದು, ಸಾಬೂನು, ತಿಪ್ಪೆಯ ನೀರು ಹರಿದು ಬರುವುದು, ಇವನ್ನೆಲ್ಲ ನಿಲ್ಲಿಸಿ. ಕೆರೆ ಬತ್ತಿದಾಗ ಒಂದು ಮೊಳ ಹೂಳು ತೆಗೆದು ಹೊಲಕ್ಕೆ ಹಾಕಿ. ಕೆಲವು ವರ್ಷದಲ್ಲಿ ನೀರು ಸುಧಾರಿಸುತ್ತದೆ. ಪರೀಕ್ಷೆಗೆ ಎರಡು ಬಾಟಲಿ ನೀರು ಕಳಿಸಿದರೆ ನಿಖರವಾಗಿ ಹೇಳಬಲ್ಲೆ.

ಯುಗಾದಿಗೆ ಬರುತ್ತೇನೆ. ಅವ್ವನಿಗೆ ಇಳಕಲ್ಲ ಸೀರೆ ತೆಗೆದಿದ್ದೇನೆ.

ನಿನ್ನ ತಮ್ಮ
ಪರಮಾನಂದ

*

ಜಾಲಿಹಟ್ಟಿ
೬ ಫೆಬ್ರುವರಿ ೧೯೭೭

ಶ್ರೀ ಪರಮಾನಂದ ಅವರಿಗೆ,

ನಿಮ್ಮ ಅಣ್ಣನವರು ನನ್ನನ್ನು ಕರೆಸಿ ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. ತಿದ್ದಕೂಡದೆಂದು ಅವರ ಕಟ್ಟಪ್ಪಣೆ.

— ಕಾಳಪ್ಪ ಮಾಸ್ತರ

ಪರಮ್ಯಾ, ನಿನ್ನ ಪತ್ರ ಮಾಸ್ತರ ಓದಿದ್ರು. ಹೂಳ ತಗೀಬೇಕು ಅಂದಿ. ಹ್ವಾದ ಬ್ಯಾಸಿಗ್ಯಾಗಽ ಸುರು ಮಾಡೇವಿ. ಅದನ್ನ ಹೇಳಾಕ ನೀ ಬೇಕಾಗಿರಲಿಲ್ಲ, ಅವ್ವ ಹೇಳಿದ್ಲು.

ಅವ್ವ ಚಾವಡ್ಯಾಗ ಹೇಳಿದ ದಿನಾನಽ ನನಗ ತಿಳೀತು. ಅಕಿ ನಿನ್ನ ಮಾತು ಒಂದೂ ಮರೀತಿರಲಿಲ್ಲ. ಆದ್ರ ಅವತ್ತ ನಾ ಎದ್ದು ಹೇಳಲಿಲ್ಲ. ಹೇಳಿದ್ರ ತಪ್ಪಿಲ್ಲದವನ ಕೈ ಮುರದೇನಿ ಅಂತ ಒಪ್ಪಬೇಕಾಗತಿತ್ತು. ನಾನೂ ನಿನ್ನಂಗಽ ಹೇಡಿ ಆದೆ. ಕಡೀಕ ಕೊಲ್ಹಾರಕ್ಕ ಹೋಗಿ ಇಬ್ರಾಹಿಂನ ಬಾಗಿಲದಾಗ ಕುಂತೆ. ಮೂರು ದಿನ ಅಂವ ಹೊರಗ ಬರಲಿಲ್ಲ. ನಾಕನೇ ದಿನ ರಾಜಬಿ ನೀರು ಕೊಟ್ಲು.

ಅವ್ವಗ ಸೀರಿ ತಗದೇನಿ ಅಂದಿ. ಅವ್ವ ಸತ್ತು ಎರಡು ತಿಂಗಳಾತು.

ಎಂಟು ದಿನಾ ಜ್ವರದಾಗ ಬಿದ್ದಿದ್ಲು. ನಿನ್ನಽ ಕರದ್ಲು. ಬ್ಯಾರೆ ಯಾರನ್ನೂ ಕರೀಲಿಲ್ಲ. ಮಾಸ್ತರ ನಿನಗ ಕಾರ್ಡ್ ಬರದಿದ್ರು. ಅಂಚೀಗಿ ಹಾಕತೇನಿ ಅಂತ ಇಸಗೊಂಡು ನಾ ಹರದ ಹಾಕಿದೆ. ಅಕೀ ಮುಂದ ಕುಂತು, "ಬರಾಕತ್ತಾನ, ಬಸ್ಸ ತಡಾ ಆಗೇತಿ" ಅಂತ ಎಂಟೂ ದಿನಾ ಸುಳ್ಳ ಹೇಳಿದೆ. ಅಕಿ ನಂಬಿದ್ಲು. ಬಾಗಲ ಕಡೆ ಮಾರಿ ಮಾಡಿ ಮಲಗಿಸು ಅಂದ್ಲು. ಹಂಗಽ ಮಲಗಿಸಿದೆ. ಹಂಗಽ ಹೋದ್ಲು.

ಮಣ್ಣಿಗಿ ಇಬ್ರಾಹಿಂನ ಕರಿಸೇನಿ. ನೀ ಹಾಕೂ ಮಣ್ಣು ಅಂವನ ಕೈಲೆ ಹಾಕಿಸೇನಿ. ಎಡಗೈಲೆ ಹಾಕಿದ. ಪರಮ್ಯಾನ ಹೆಸರ ಹೇಳಿ ಹಾಕಪಾ ಅಂದೆ. ಹೇಳಲಿಲ್ಲ.

ಯುಗಾದಿಗಿ ಬರಬ್ಯಾಡ. ಬಂದ್ರ ನಿನ್ನ ಕೈ ನಾ ಮುಟ್ಟೂದಿಲ್ಲ. ಊರ ಮಂದಿ ನಿನಗ ಹಾರ ಹಾಕತಾರ, ನಮ್ಮೂರಿನ ಡಾಕ್ಟರ ಬಂದಾನಂತ ಮೆರಸ್ತಾರ. ಅದನ್ನ ನೋಡೂದು ನನ್ನ ಕೈಲೆ ಆಗೂದಿಲ್ಲ.

ಅಮೋಘಸಿದ್ಧ
(ಹೆಬ್ಬೆಟ್ಟಿನ ಗುರುತು)